ಕಾಕಾ ಮತ್ತೆ ಯಾಕೆ ಓಡಿದ?

ಆಗೆಲ್ಲ ಶಹಾಪುರದ ನಮ್ಮ ಓಣಿಯಲ್ಲಿ ಪಂಚಮಿ ಬಂತೆಂದರೆ ಜೋಳದ ಅಳ್ಳು ಹುರಿಯುವ ವಾಸನೆ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯವರೆಗೂ ಬರುತ್ತಿತ್ತು. ನಿಮ್ಮ ಊರಲ್ಲೂ ಹಾಗೇ ಇದ್ದಿರಬೇಕು. ನಾನು ನಾಲ್ಕನೇ ತರಗತಿಯಲ್ಲಿದ್ದ ವರ್ಷ ಮಾತ್ರ ಪಂಚಮಿಯ ಮರುದಿನ ಸಂಜೆ ಜೋಕಾಲಿಯ ಹತ್ತಿರ ಒಬ್ಬರೂ ಇರಲಿಲ್ಲ. ಓಣಿಯೆಲ್ಲ ರಜಿಯಾ ಚಾಚಿಯ ಮನೆಯ ಟಿ.ವಿ. ಮುಂದೆ ಕುಳಿತಿತ್ತು.

ನನ್ನ ಅಪ್ಪನ ತಮ್ಮ ಶರಣು ಕಾಕಾ ಮಿಲಿಟರಿಯಲ್ಲಿದ್ದ. ಸೇರುವ ಮೊದಲು ಭೀಮರಾಯನಗುಡಿಯ ಕಡೆಗೆ ಕೆನಾಲ್ ದಂಡೆಯ ಮೇಲೆ ದಿನಾ ಓಡುತ್ತಿದ್ದ. ‘ನಾಯಿ ಬೆನ್ನ ಹತ್ತಿದವರಂಗ ಓಡ್ತಾನ’ ಎಂದು ಆಯಿ, ಅಂದರೆ ನನ್ನ ಅಜ್ಜಿ, ಬೈಯುತ್ತಿದ್ದಳು. ಈಗ ಆ ಓಟವೇ ಅವನನ್ನು ಹೊರದೇಶಕ್ಕೆ, ಎಷ್ಟೋ ದೇಶದವರು ಸೇರುವ ಕ್ರೀಡಾಕೂಟಕ್ಕೆ ಕರೆದೊಯ್ದಿತ್ತು. ಹತ್ತು ಸಾವಿರ ಮೀಟರ್. ಮೈದಾನಕ್ಕೆ ಇಪ್ಪತ್ತೈದು ಸುತ್ತು. ಕಿರಾಣಿ ಅಂಗಡಿಯ ಫೋನಿಗೆ ಕರೆ ಮಾಡಿ, “ಅವ್ವಾ, ಸಂಜಿಕ್ ಟಿ.ವಿ.ದಾಗ ತೋರಸ್ತಾರ, ನೋಡು” ಅಂದಿದ್ದ.

ಆಯಿ ಉಂಡಿಯ ಡಬ್ಬಿ ಹಿಡಿದುಕೊಂಡೇ ಬಂದಿದ್ದಳು.

ಓಟ ಶುರುವಾದಾಗ ನೀಲಿ ಬನಿಯನ್ನಿನ ಕಾಕಾ ಗುಂಪಿನ ನಡುವೆ ಚೆನ್ನಾಗಿ ಕಾಣುತ್ತಿದ್ದ. ಸ್ವಲ್ಪ ಹೊತ್ತಿಗೆ ಸಾಲು ಹರಿದುಹೋಯಿತು. ದುಂಡಗಿನ ದಾರಿಯಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದೇ ತಿಳಿಯದಾಯಿತು. ಹಿಂದಿದ್ದವರು ಮುಂದೆ ಕಾಣುತ್ತಿದ್ದರು. ಒಮ್ಮೆ ಕಾಕಾ ಒಬ್ಬನೇ ಎಲ್ಲರಿಗಿಂತ ಮುಂದಿದ್ದಂತೆ ಕಂಡು ನಾವು ಮಕ್ಕಳು ಕಿರುಚಿದೆವು. ಟಿ.ವಿ.ಯಲ್ಲಿ ಹೇಳುತ್ತಿದ್ದ ಇಂಗ್ಲಿಷು ಯಾರಿಗೂ ಗೊತ್ತಾಗಲಿಲ್ಲ.

ಕೊನೆಗೆ, ಇನ್ನೊಂದೇ ಸುತ್ತು ಉಳಿಯಿತೆಂದು ಗಂಟೆ ಬಾರಿಸಿದರು. ಇಬ್ಬರು ಜೀವದ ಹಂಗು ತೊರೆದು ಓಡಿ ಬಂದು ಗೆರೆ ದಾಟಿ ನೆಲಕ್ಕೆ ಬಿದ್ದರು. ಅವರ ಬೆನ್ನಿಗೇ ಕಾಕಾನೂ ದಾಟಿ, ಮೊಣಕಾಲಿಗೆ ಕೈಯೂರಿ ನಿಂತ.

“ಅಮ್ಮಾ, ನಿಮ್ಮ ಬೇಟಾ ತೀಸ್ರಾ ಬಂದಾನ್ ನೋಡ್ರಿ!” ಎಂದು ಚಾಚಿ ಒಳಗೆ ಓಡಿ, ಒಂದು ಹಿಡಿ ಸಕ್ಕರೆ ತಂದು ಆಯಿಯ ಬಾಯಿಗೆ ಹಾಕಿದಳು.

ಅಷ್ಟರಲ್ಲಿ ಬಿಳಿ ಟೊಪ್ಪಿಗೆಯವನೊಬ್ಬ ಕೈ ಬೀಸುತ್ತ ಕಾಕಾನ ಹತ್ತಿರ ಬಂದ. ಏನೋ ಕೂಗಿದ. ಕಾಕಾ ಆ ಕಡೆ ಈ ಕಡೆ ನೋಡಿದ, ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದಲು ಬಾರದವನ ಹಾಗೆ. ಆಮೇಲೆ ನಿಧಾನವಾಗಿ ಮತ್ತೆ ಓಡತೊಡಗಿದ.

“ಯಾಕ್ ಮತ್ತ ಓಡಾಕತ್ಯಾನ? ಮುಗೀತಲ್ಲ?” ಆಯಿ ಕೇಳಿದಳು.

ಟಿ.ವಿ.ಯಲ್ಲಿ ಗೆದ್ದವನು ತನ್ನ ದೇಶದ ಝಂಡಾ ಹೊದ್ದು ಅಳುತ್ತಿದ್ದ. ಆಮೇಲೆ ಸೋಪಿನ ಜಾಹೀರಾತು. ಆಮೇಲೆ ಯಾರೋ ಕೋಲು ಹಿಡಿದು ಹಾರುತ್ತಿದ್ದರು.

“ನನ್ನ ಮಗನ್ನ ತೋರಸು ರಜಿಯಾ,” ಎಂದಳು ಆಯಿ, ಅದೆಲ್ಲ ಚಾಚಿಯ ಕೈಯಲ್ಲೇ ಇದ್ದಂತೆ. ಚಾಚಿ ಚಾನೆಲ್ ಬದಲಿಸಿದಳು, ಟಿ.ವಿ.ಯ ಬೆನ್ನು ತಟ್ಟಿದಳು. “ಬರವಲ್ದು ಅಮ್ಮಾ, ಏನ್ ಮಾಡ್ಲಿ?” ಅವಳ ಕಣ್ಣಲ್ಲೂ ನೀರು.

ಮುಂದಿನ ದಿನಗಳಲ್ಲಿ ಓಣಿಯಲ್ಲಿ ಇದೇ ಮಾತು. “ಗೆದ್ದೋರಿಗೆ ಹಂಗ ಮೆರವಣಿಗಿ ಸುತ್ತು ಹೊಡಸ್ತಾರ,” ಎಂದ ಟೇಲರ್ ಮಲ್ಲಣ್ಣ. “ಹಂಗಾದ್ರ ಉಳದೋರು ಯಾಕ್ ಬಿದ್ಕೊಂಡಿದ್ರು?” ಎಂದಳು ಚಾಚಿ. ನಾವು ಬೇವಿನ ಗಿಡ ಸುತ್ತುವ ಆಟ ಶುರು ಮಾಡಿದೆವು. ಯಾರು ನಿಂತರೂ ಉಳಿದವರು “ಇನ್ನೊಂದು ಸುತ್ತು ಅದ” ಎಂದು ಕೂಗಬೇಕು. ಆ ಆಟ ಯಾವತ್ತೂ ಸರಿಯಾಗಿ ಮುಗಿಯಲಿಲ್ಲ; ಯಾರಾದರೊಬ್ಬರ ಅಳುವಿನಲ್ಲೇ ನಿಲ್ಲುತ್ತಿತ್ತು. ಶಾಲೆಯಲ್ಲಿ ನಾನು ಒಂದು ದಿನ ‘ನಮ್ಮ ಕಾಕಾ ಮೂರನೇದವ’ ಅಂದೆ, ಮರುದಿನ ಕೇಳಿದವರಿಗೆ ‘ಗೊತ್ತಿಲ್ಲ’ ಅಂದೆ. ಖುಷಿಪಡಬೇಕೋ ಬೇಡವೋ ಎಂದು ಹೇಳುವವರೇ ಇರಲಿಲ್ಲ. ಶಾಭಾಸ್ ಎನ್ನಲು ಬಂದವರಿಗೆ ಆಯಿ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಕೈಗೊಂದು ಉಂಡಿ ಕೊಟ್ಟು ಕಳಿಸುತ್ತಿದ್ದಳು.

ದಸರೆಯ ಹೊತ್ತಿಗೆ ಕಾಕಾ ಬಂದ. ಹಿಮ್ಮಡಿ ಬಾತಿತ್ತು. ಆಯಿ ಬಿಸಿ ರೊಟ್ಟಿ ಹಾಕಿ ಎದುರಿಗೆ ಕುಳಿತಳು.

“ಶರಣ್ಯಾ, ನೀ ಎಷ್ಟನೇದವ?”

“ಕೊನೇದವ, ಯವ್ವಾ.”

ಆಯಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

“ಅವರಿಬ್ರು ನನಗಿಂತ ಒಂದು ಸುತ್ತು ಮುಂದಿದ್ರು. ಗಂಟಿ ಬಾರ್ಸಿದ್ದು ಅವರಿಗೆ. ನನಗ ದಣಿವಿನಾಗ ಲೆಕ್ಕಾನ ತಪ್ಪಿತ್ತು. ಅವರು ನಿಂತ್ರು, ನಾನೂ ನಿಂತೆ. ಟೊಪಗಿಯವ ಬಂದು, ನಿಂದು ಇನ್ನೊಂದು ಬಾಕಿ ಅದ ಅಂತ ಅಟ್ಟಿದ.”

“ಓಡಿದ್ಯೋ ಇಲ್ಲೋ?”

“ಓಡಿದೆ.”

“ಪೂರಾ?”

“ಪೂರಾ.”

“ಯಾರರ ನಿನ್ನ ನೋಡಿದ್ರಾ?”

ಕಾಕಾ ರೊಟ್ಟಿ ಮುರಿಯುತ್ತ ಕುಳಿತ. “ಇಲ್ಲವ್ವಾ. ಎಲ್ಲಾರೂ ಝಂಡಾ ಹಿಡದವನ ಕಡಿ ನೋಡಾಕತ್ತಿದ್ರು.”

ಕೊನೆಯವನೆಂದು ಕೇಳಿದಾಗ ಅಲುಗದ ಆಯಿ ಈ ಮಾತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಯಾವುದಕ್ಕೆ ಅಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಕಾಕಾ ಮತ್ತೆ ಆ ಸುದ್ದಿಯನ್ನೇ ಎತ್ತಲಿಲ್ಲ.

ಈಗ ಓಣಿಯಲ್ಲಿ ಎಲ್ಲರ ಕೈಯಲ್ಲೂ ಫೋನಿದೆ. ಯಾರು ಎಷ್ಟನೆಯವರೆಂದು ಆ ಗಳಿಗೆಗೇ ಗೊತ್ತಾಗುತ್ತದೆ, ಯಾರಿಗೂ ಗೊಂದಲವಿಲ್ಲ. ಅರ್ಥವಾಗದ ಆಟವನ್ನು ಒಬ್ಬ ಹುಡುಗನಿಗಾಗಿ ಒಂದೇ ಕೋಣೆಯಲ್ಲಿ ಒತ್ತಿ ಕುಳಿತು ನೋಡುವ ಜನವೂ ಇಲ್ಲ. ರಜಿಯಾ ಚಾಚಿ ಕಲಬುರಗಿಯ ಮಗಳ ಮನೆ ಸೇರಿದಳು. ಆಯಿ ತೀರಿಕೊಂಡು ಬಹಳ ವರ್ಷಗಳಾದವು. ಮಿಲಿಟರಿ ಬಿಟ್ಟು ಬಂದ ಕಾಕಾ ವಡಗೇರಾದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ.

ಹೋದ ವರ್ಷ ಅಲ್ಲಿಗೆ ಹೋದಾಗ, ನನ್ನನ್ನು ಈಗಲೂ ‘ತಂಗಿ’ ಎಂದೇ ಕರೆಯುವ ಅವನನ್ನು ಕೇಳಿಯೇಬಿಟ್ಟೆ. “ಕಾಕಾ, ಒಬ್ಬನೇ ಓಡಿದ್ಯಲ್ಲ, ಆ ಸುತ್ತು ಹೆಂಗಿತ್ತು?”

ಅವನು ಮೇಜಿನ ಮೇಲೆ ಚೆಲ್ಲಿದ್ದ ಬೀಜ ಬಳಿದು ಚೀಲಕ್ಕೆ ಹಾಕಿದ.

“ಅವ್ವಗ ಹೇಳಬೇಕಂತ ಇತ್ತು. ಆಕಿ ಅತ್ತಳಲ್ಲ, ಮುಂದ ಯಾವಾಗರ ಹೇಳಿದ್ರಾತು ಅಂತ ಬಿಟ್ಟೆ.” ಗಿರಾಕಿ ಬಂದದ್ದು ನೋಡಿ ಎದ್ದು ನಿಂತ. “ಈಗ ಕೇಳಾಕತ್ತಿ ನೋಡು ನೀನು. ನನಗ ಈಗ ನೆನಪಿಲ್ಲ ತಂಗಿ.”