ಹೊಂಬಣ್ಣದ ಮಗು, ಒಂದು ಬೆರಳು ತುಪ್ಪ

ನನ್ನ ಮೊದಲ ಮಗಳು ದಿನ ತುಂಬುವ ಮುಂಚೆಯೇ ಹುಟ್ಟಿದಳು. ಅರವತ್ತರ ದಶಕ. ನಾವಿದ್ದ ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ನೋವು ಶುರುವಾದಾಗ ನನ್ನನ್ನು ಜಟಕಾದಲ್ಲಿ ಬಸವನಗುಡಿಯ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಕರೆದೊಯ್ದರು.

ಎಂಟನೇ ತಿಂಗಳಲ್ಲಿ ಹುಟ್ಟಿದ್ದು ಉಳಿಯೋದಿಲ್ಲ, ಏಳನೇ ತಿಂಗಳದ್ದಾದರೆ ಉಳಿಯುತ್ತೆ ಅಂತ ನಮ್ಮತ್ತೆಯ ನಂಬಿಕೆ. ಬೆರಳು ಮಡಚಿ ಎಣಿಸಿದರು, ಎಂಟು ಬಂತು. ಮತ್ತೆ ಮೊದಲಿಂದ ಎಣಿಸಿ ಏಳಕ್ಕೆ ತಂದು ನಿಲ್ಲಿಸಿದರು. ಆ ಲೆಕ್ಕವನ್ನು ತಿದ್ದುವ ಮನಸ್ಸು ನನಗೂ ಇರಲಿಲ್ಲ.

ಮಗುವನ್ನು ಹತ್ತಿಯಲ್ಲಿ ಸುತ್ತಿ, ಎರಡೂ ಕಡೆ ಬಿಸಿನೀರಿನ ಬಾಟಲಿ ಇಟ್ಟಿದ್ದರು. ಮೊಲೆ ಚೀಪುವ ಶಕ್ತಿ ಅದಕ್ಕಿಲ್ಲ. ನಾನು ಹಾಲು ಹಿಂಡಿ ಕೊಟ್ಟರೆ ನರ್ಸು ಫಿಲ್ಲರಿನಲ್ಲಿ ಹನಿಹನಿಯಾಗಿ ಬಾಯಿಗೆ ಬಿಡುತ್ತಿದ್ದಳು. ಮೂರನೇ ದಿನಕ್ಕೆ ಮಗುವಿನ ಮೈ ಹಳದಿಗೆ ತಿರುಗಿತು. ನೋಡಲು ಬಂದ ನೆಂಟರಿಗೆಲ್ಲ ಹಿಗ್ಗೋ ಹಿಗ್ಗು.

"ಹೊಂಬಣ್ಣ. ನಮ್ಮ ಮನೆತನದ್ದು" ಅಂದರು ಅತ್ತೆ. ಅವರ ಮನೆತನದಲ್ಲಿ ಅಂಥ ಬಣ್ಣ ಇದ್ದವರನ್ನು ನಾನಂತೂ ನೋಡಿರಲಿಲ್ಲ.

ಲೇಡಿ ಡಾಕ್ಟರು ಮಗುವಿನ ಮೂಗಿನ ತುದಿಯನ್ನು ಮೆಲ್ಲಗೆ ಒತ್ತಿ ನೋಡಿದರು. "ಇದು ಬಣ್ಣ ಅಲ್ಲಮ್ಮ, ಕಾಮಾಲೆ. ಲಿವರ್ ಇನ್ನೂ ಬಲಿತಿಲ್ಲ. ಜಾಸ್ತಿಯಾದರೆ ದೊಡ್ಡಾಸ್ಪತ್ರೆಗೆ ಒಯ್ದು ರಕ್ತ ಬದಲಾಯಿಸಬೇಕಾಗುತ್ತೆ" ಅಂದರು. ಹೊಂಬಣ್ಣದ ಮಾತು ಅಲ್ಲಿಗೆ ನಿಂತಿತು. ಮನೆತನವೂ ಕೂಡಲೇ ಬದಲಾಯಿತು. ಈ ಕಾಮಾಲೆ ನನ್ನ ತವರಿನ ಕಡೆಯಿಂದ ಬಂದದ್ದಿರಬಹುದೇ ಅಂತ ವಿಚಾರಣೆ ಶುರುವಾಯಿತು.

ಆಗ ಬಂದರು ಅತ್ತೆಯ ಅಣ್ಣ. ನನ್ನ ಗಂಡನಿಗೆ ಸೋದರಮಾವ, ನಾನೂ ಮಾವ ಅಂತಲೇ ಕರೆಯುತ್ತಿದ್ದೆ. ಸರ್ಕಾರಿ ಕಚೇರಿಯಿಂದ ರಿಟೈರಾಗಿ, ಬೆಳಗ್ಗೆಯೆಲ್ಲ ಲೈಬ್ರರಿಯಲ್ಲಿ ಕೂತು ಇಂಗ್ಲಿಷ್ ಪತ್ರಿಕೆ ಓದುವವರು. ಓದಿದ್ದನ್ನೆಲ್ಲ ಸಂಜೆಯೊಳಗೆ ಯಾರ ಮೇಲಾದರೂ ಪ್ರಯೋಗಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಹೊರದೇಶದಲ್ಲಿ ಕೊಬ್ಬನ್ನು ಹಾಲಿನ ಥರ ಕದಡಿ ಡ್ರಿಪ್ಪಿನಲ್ಲಿ ರಕ್ತಕ್ಕೇ ಬಿಡ್ತಾರೆ. ಮಗು ದಿನಕ್ಕೊಂದು ಸುತ್ತು ದಪ್ಪ ಆಗುತ್ತೆ. ನೀವು ಇನ್ನೂ ಫಿಲ್ಲರಲ್ಲೇ ಇದ್ದೀರಲ್ಲ?" ಅಂತ ಡಾಕ್ಟರನ್ನು ಕೇಳಿದರು.

"ನಾನೂ ಓದಿದ್ದೀನಿ ಸಾರ್. ದೊಡ್ಡವರಿಗೆ ಕೊಟ್ಟು ನೋಡಿದ್ದಾರೆ. ಅದರಲ್ಲೂ ಕೆಲವರಿಗೆ ಕಾಮಾಲೆ ಬಂತಂತೆ. ಈ ಮಗುವಿನ ಲಿವರ್ ಈಗಿರುವ ಹಳದಿಯನ್ನೇ ಹೊರಗೆ ಹಾಕಲಾರದೆ ಒದ್ದಾಡ್ತಿದೆ. ಅದರ ಮೇಲೆ ಕೊಬ್ಬನ್ನೂ ಹೇರಲಾ?"

"ಹೊಸತನ್ನು ಒಪ್ಪಿಕೊಳ್ಳೋಕೂ ಧೈರ್ಯ ಬೇಕು" ಅಂದರು ಮಾವ.

ಅಷ್ಟರಲ್ಲಿ ಅತ್ತೆ ಸೆರಗಿನ ಮರೆಯಿಂದ ಒಂದು ಬೆಳ್ಳಿ ಬಟ್ಟಲು ತೆಗೆದರು. "ರಕ್ತ ಗಿಕ್ತ ಯಾಕೆ? ನಾಲಿಗೆಗೆ ಒಂದು ಬೆರಳು ತುಪ್ಪ ಸವರಿದರೆ ಸಾಕು."

ಮಾವನಿಗೆ ತಡೆಯಲಾಗಲಿಲ್ಲ. "ಇದೇ ನೋಡಿ ಅಜ್ಞಾನ. ಇಂಥವರಿಂದಲೇ ದೇಶ ಹಿಂದೆ ಬಿದ್ದಿರೋದು."

"ನೀವಿಬ್ಬರೂ ಹೇಳ್ತಿರೋದು ಒಂದೇ ಔಷಧಿ ಸಾರ್. ದಾರಿ ಬೇರೆ, ಅಷ್ಟೆ" ಅಂತ ಹೇಳಿ ಡಾಕ್ಟರು ಪಕ್ಕದ ಕೋಣೆಗೆ ಹೋದರು.

ಅಣ್ಣ ತಂಗಿ ಇಬ್ಬರಿಗೂ ಇದರಷ್ಟು ದೊಡ್ಡ ಅವಮಾನ ಬೇರೆ ಆಗಿರಲಿಲ್ಲ. ಡಾಕ್ಟರಿಗೆ ಏನೂ ತಿಳಿಯದು ಅನ್ನುವ ವಿಷಯದಲ್ಲಿ ಇಬ್ಬರೂ ಮೊದಲ ಸಲ ಒಂದಾದರು. ಮಾವ ಕಿಟಕಿಯ ಕಡೆ ತಿರುಗಿ ನಿಂತರು. ಅತ್ತೆ ಬಟ್ಟಲಿನಲ್ಲಿ ಬೆರಳದ್ದಿ ಮಗುವಿನ ಕಡೆ ಬಾಗಿದರು.

ಮದುವೆಯಾದಾಗಿನಿಂದ ನಾನು ಅವರಿಗೆ ಎದುರಾಡಿದವಳಲ್ಲ. ಹಾಸಿಗೆಯಿಂದಲೇ ಕೈ ಚಾಚಿ ಅವರ ಮಣಿಕಟ್ಟು ಹಿಡಿದು ನನ್ನ ಕಡೆ ಎಳೆದುಕೊಂಡೆ. ಆ ಬೆರಳಿನ ತುಪ್ಪವನ್ನು ನಾನೇ ನೆಕ್ಕಿಬಿಟ್ಟೆ.

ಅತ್ತೆ ಬೆರಳನ್ನೇ ನೋಡುತ್ತಾ ನಿಂತರು. "ಏನೇ ಇದು?"

"ಹಾಲು ನನ್ನದೇ ಅಲ್ವಾ ಅತ್ತೆ. ತುಪ್ಪವೂ ನನ್ನ ಮೂಲಕವೇ ಹೋಗಲಿ."

ಮಾರನೇ ದಿನದಿಂದ ಬಟ್ಟಲು ನೇರವಾಗಿ ನನ್ನ ಕೈಗೇ ಬಂತು. ಮಗುವಿನ ಕಾಮಾಲೆಗೆ ಅಂತ ಖಾಲಿ ಸೈಟುಗಳಲ್ಲಿ ಕಿತ್ತು ತಂದ ನೆಲನೆಲ್ಲಿಯ ರಸವನ್ನೂ ನಾನೇ ಕುಡಿದೆ. ಆ ಕಹಿಯನ್ನು ನೆನೆಸಿಕೊಂಡರೆ ಈಗಲೂ ಮುಖ ಕಿವುಚಿಕೊಳ್ಳುತ್ತದೆ. ನನಗೆ ಯಾವ ಕಾಯಿಲೆಯೂ ಇರಲಿಲ್ಲ, ಇಡೀ ಮನೆತನದ ವೈದ್ಯವೆಲ್ಲ ನನಗೇ ನಡೆಯಿತು.

ಡಾಕ್ಟರು ಬೆಳಗ್ಗೆ ಸಂಜೆ ಬಂದು ಮೂಗು ಒತ್ತಿ ನೋಡುವರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಒಂದು ಬೆಳಗ್ಗೆ "ಇಳೀತಿದೆಯಮ್ಮ" ಅಂದರು. ರಕ್ತ ಬದಲಾಯಿಸುವ ಪ್ರಸಂಗ ಬರಲಿಲ್ಲ. ಆಮೇಲೆ ಮಗು ತಾನೇ ಚೀಪುವುದನ್ನು ಕಲಿಯಿತು. ಆವತ್ತು ನಾನು ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ.

ನಾಮಕರಣ ಜಯನಗರದ ಮನೆಯಲ್ಲಿ ತಡವಾಗಿ ಆಯಿತು. ಡಾಕ್ಟರನ್ನೂ ಕರೆದಿದ್ದೆವು. ಪಂಕ್ತಿಯಲ್ಲಿ ಅವರ ಪಕ್ಕದ ಎಲೆ ಮಾವನದು. ಹಳದಿಯಾದ ಮಗುವಿಗೆ ಕೊಬ್ಬು ಎಷ್ಟು ಅಪಾಯ, ಅದನ್ನು ತಾವೇ ಹೇಗೆ ಸಕಾಲದಲ್ಲಿ ತಡೆದದ್ದು ಅಂತ ಎದುರು ಪಂಕ್ತಿಯವರಿಗೂ ಕೇಳಿಸುವಂತೆ ಮಾವ ವಿವರಿಸುತ್ತಿದ್ದರು. ಇಂಗ್ಲಿಷ್ ಪತ್ರಿಕೆಯ ಆಧಾರವನ್ನೂ ಕೊಟ್ಟರು.

"ಹೌದಾ ಸಾರ್" ಅಂದರು ಡಾಕ್ಟರು. ನಾನು ಬಡಿಸುತ್ತಾ ಬಂದಾಗ ಎರಡನೇ ಸಲ ಚಿತ್ರಾನ್ನ ಹಾಕಿಸಿಕೊಂಡರು.