ಸತ್ತವನ ಪಾಲಿನ ಕ್ವಾರ್ಟರ್

ಜಾವಗಲ್ ಸುತ್ತಮುತ್ತ ಚನ್ನಪ್ಪನ ಹೆಸರೆತ್ತಿದರೆ ಜನ ಇವತ್ತಿಗೂ ಹೇಳುವುದು ಒಂದೇ ಮಾತು: ಕುಡಿಯದಿದ್ದರೆ ದೇವರಂಥ ಮನುಷ್ಯ. ಅವನ ಹೆಂಡತಿ ಗಿಡ್ಡಮ್ಮನಿಗೆ ಈ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ. ಆ ದೇವರು ಅವಳಿಗೆ ದರ್ಶನ ಕೊಟ್ಟದ್ದು ಬೆಳಗಿನ ಹೊತ್ತು ಮಾತ್ರ, ಅದೂ ತಲೆನೋವು ಅಂತ ಗೋಡೆಗೊರಗಿ ಕೂತಾಗ. ಮಿಕ್ಕ ಹೊತ್ತೆಲ್ಲ ಊರಿಗೆ ಉಪಕಾರಿ, ಮನೆಗೆ ಮಾರಿ. ಅರಸೀಕೆರೆಗೆ ಹೋಗಿ ಕೊಬ್ಬರಿ ಮಾರಿದ ದಿನ ಜೊತೆಗಿದ್ದವರಿಗೆಲ್ಲ ಕುಡಿಸುತ್ತಿದ್ದ. ಬಸ್ಸಿನ ಕಂಡಕ್ಟರ್ ಅವನನ್ನು ಮೂಟೆ ಇಳಿಸಿದ ಹಾಗೆ ಊರ ಮುಂದೆ ಇಳಿಸಿ ಹೋಗುತ್ತಿದ್ದ. ಕುಡಿಸಿಕೊಂಡವರೇ ಅವನನ್ನು ದೇವರು ಮಾಡಿದ್ದು. ಅವನು ಕಕ್ಕಿದ್ದನ್ನು ಬಳಿದು ತೊಳೆದವಳನ್ನು ಯಾರೂ ಕೇಳಲಿಲ್ಲ.

ಮದುವೆಗೆ ಮುಂಚೆ ಗಿಡ್ಡಮ್ಮನ ಅಪ್ಪನಿಗೆ ಹುಡುಗನ ಕಡೆಯವರು ಹೇಳಿದ್ದು, ‘ಒಸಿ ತಗೋತಾನೆ, ಹೆಂಡ್ತಿ ಬಂದ್ರೆ ಸರಿಹೋಯ್ತಾನೆ’ ಅಂತ. ಕುಡುಕನಿಗೆ ಹೆಂಡತಿಯೇ ಔಷಧಿ ಎಂದು ನಂಬಿದ ಊರು ಅದು. ಔಷಧಿ ಸವೆದು ಹೋಯಿತು, ಕಾಯಿಲೆ ಹಾಗೇ ಉಳಿಯಿತು. ಮಗ ಹೇಮಂತ್ ಹುಟ್ಟಿದ ಮೇಲೆ ಚನ್ನಪ್ಪನಿಗೆ ಹೊಸ ಆಟ ಸಿಕ್ಕಿತು. ಬೆರಳನ್ನು ಲೋಟದಲ್ಲಿ ಅದ್ದಿ ಮಗುವಿನ ನಾಲಿಗೆಗೆ ತಾಗಿಸುವುದು, ಮಗು ಮುಖ ಹಿಂಡಿದರೆ ಜಗಲಿಯ ಮೇಲೆ ಕೂತ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವುದು. ಗಂಡು ಮಗ ಅಂದರೆ ಹಿಂಗಿರಬೇಕು ಅಂತ ಹೊಗಳಿಕೆ ಬೇರೆ. ನಕ್ಕವರಲ್ಲಿ ಮೊದಲಿಗ ಚನ್ನಪ್ಪನ ತಮ್ಮ ಪುಟ್ಟರಾಜು.

ಕೊನೆಗೆ ಚನ್ನಪ್ಪ ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ ಸತ್ತ. ನೋಡಲು ಬಂದವರೆಲ್ಲ ಕಾಮಾಲೆ ಅಂದರು, ದೃಷ್ಟಿ ಅಂದರು, ಯಾರೋ ಮದ್ದು ಹಾಕಿರಬೇಕು ಅಂತಲೂ ಅಂದರು. ಎಣ್ಣೆ ಅಂತ ಒಬ್ಬನ ಬಾಯಲ್ಲೂ ಬರಲಿಲ್ಲ. ಅಂದ ಬಾಯಿ ಸಂಜೆಗೆ ಅದನ್ನೇ ಕುಡಿಯಬೇಕಲ್ಲ! ಹನ್ನೊಂದನೆಯ ದಿನ ಅಳುತ್ತ ಕೂತಿದ್ದ ಹೇಮಂತನ ಕೈಗೆ ಪುಟ್ಟರಾಜು ತುಂಬಿದ ಲೋಟ ಕೊಟ್ಟು, ‘ದುಃಖ ಇಳೀಲಿ ಕುಡೀಲಾ’ ಅಂದ. ಹುಡುಗನಿಗೆ ಆಗಿನ್ನೂ ಮೀಸೆ ಚಿಗುರುತ್ತಿತ್ತು. ದುಃಖ ಇಳಿಯಿತೋ ಇಲ್ಲವೋ, ಎಣ್ಣೆಯಂತೂ ಇಳಿಯಿತು. ಆಮೇಲೆ ತೋಟದಲ್ಲಿ ಗೆಳೆಯರ ಜೊತೆ, ಕ್ರಿಕೆಟ್ ಗೆದ್ದರೂ ಸೋತರೂ, ಯಾರದೋ ಹುಟ್ಟುಹಬ್ಬಕ್ಕೆ, ಯಾರದೋ ಸಾವಿಗೆ. ಅವನು ಓಡಿಸುತ್ತಿದ್ದ ಗೂಡ್ಸ್ ಆಟೋ ಒಂದು ದಿನ ಚರಂಡಿಗೆ ಬಿತ್ತು. ಗಿಡ್ಡಮ್ಮ ಕೇಳಿದವರಿಗೆಲ್ಲ ಮಗನಿಗೆ ಜ್ವರ ಅಂತ ಹೇಳಿದಳು. ಗಂಡನಿಗೂ ಅವಳು ಹಾಗೇ ಜ್ವರ ಬರಿಸುತ್ತಿದ್ದವಳು. ಆ ಬುದ್ಧಿಗೆ ಅವಳೇ ಈಗ ತನ್ನ ಮುಖಕ್ಕೆ ಉಗಿದುಕೊಳ್ಳುತ್ತಾಳೆ.

ಹೋದ ಚಳಿಗಾಲದಲ್ಲಿ ಹೇಮಂತ್ ರಕ್ತ ಕಾರಿಕೊಂಡ. ಹಾಸನದಲ್ಲಿ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಇನ್ನು ಒಂದು ಗುಟುಕು ಹೋದರೂ ರಕ್ತ ಕಾರುವುದು ಮತ್ತೆ ಶುರುವಾಗುತ್ತದೆ, ಆಗ ಉಳಿಸಲು ಆಗುವುದಿಲ್ಲ. ಗಿಡ್ಡಮ್ಮ ಅವನನ್ನು ಕುಡಿತ ಬಿಡಿಸುವ ಕಡೆ ಸೇರಿಸಿದಳು. ಯುಗಾದಿಯ ಹೊತ್ತಿಗೆ ಮನೆಗೆ ಬಂದ. ಅಲ್ಲಿಂದ ಮುಟ್ಟಿರಲಿಲ್ಲ. ಸಂಜೆಯಾದರೆ ಮುಖ ಬೆವರುತ್ತಿತ್ತು, ಆದರೂ ಹಸುಗಳಿಗೆ ಹುಲ್ಲು ಹಾಕಿ ಮನೆಯಲ್ಲೇ ಕೂರುತ್ತಿದ್ದ. ಹೀಗಿರುವಾಗ ಪಿತೃಪಕ್ಷ ಬಂತು.

ಈ ಕಡೆ ಪಕ್ಷದಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದನ್ನೆಲ್ಲ ಫೋಟೋ ಮುಂದೆ ಬಾಳೆಲೆಯ ಮೇಲೆ ಬಡಿಸಿ, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುತ್ತಾರೆ. ಹಿರಿಯರು ಬಂದು ಉಂಡು ಹೋದರು ಅಂತ ಆದ ಮೇಲೆ ಬಾಗಿಲು ತೆಗೆದು ಅದನ್ನೇ ಪ್ರಸಾದ ಎಂದು ಹಂಚಿಕೊಳ್ಳುತ್ತಾರೆ. ಅಜ್ಜಿಗೆ ಎಲೆ ಅಡಿಕೆ, ತಾತನಿಗೆ ಬೀಡಿ, ಚನ್ನಪ್ಪನಿಗೆ ಒಂದು ಕ್ವಾರ್ಟರ್ ಬ್ರಾಂದಿ. ಹಾವು ಕಚ್ಚಿ ಸತ್ತವನಿಗೆ ಎಡೆಯಲ್ಲಿ ಹಾವು ಇಟ್ಟವರನ್ನು ಗಿಡ್ಡಮ್ಮ ಕಂಡಿರಲಿಲ್ಲ. ಕುಡಿದು ಸತ್ತವನಿಗೆ ಮಾತ್ರ ಅದನ್ನೇ ಇಡಬೇಕಂತೆ.

ಹಬ್ಬದ ಹಿಂದಿನ ದಿನ ಪುಟ್ಟರಾಜು ಬಂದ.

‘ಅತ್ಗೆ, ಅಣ್ಣನ ಬಾಟ್ಲಿ ನಾನು ತರ್ಲಾ, ನೀವೇ ತರಿಸ್ತೀರಾ?’

‘ಈ ಸಲ ಅದಿಲ್ಲ. ಹುಡುಗ ಬಿಟ್ಟವ್ನೆ.’

‘ಹುಡುಗ ಬಿಟ್ರೆ ಅಣ್ಣ ಬಿಟ್ಟಂಗಾಯ್ತಾ?’

‘ಅವ್ನು ಬಿಡಕ್ಕಾಗ್ದೆ ತಾನೆ ಸತ್ತಿದ್ದು.’ ಬದುಕಿದ್ದಾಗ ಗಂಡನನ್ನು ‘ಅವರು’ ಅನ್ನುತ್ತಿದ್ದವಳು ಈಗ ಆ ಮರ್ಯಾದೆಯನ್ನೂ ಬಿಟ್ಟಿದ್ದಳು.

‘ಹಿರೀರ ಬಾಯಿ ಕಟ್ಬಾರ್ದು ಅತ್ಗೆ. ಮನೆಗೆ ಒಳ್ಳೇದಾಗಕಿಲ್ಲ.’

‘ಇಲ್ಲೀಗಂಟ ಏನು ಒಳ್ಳೇದಾಗೈತೆ, ಅದನ್ನೊಸಿ ಹೇಳು.’

ಪುಟ್ಟರಾಜು ಪಂಚೆ ಕೊಡವಿಕೊಂಡು ಎದ್ದು ಹೋದ. ಅಣ್ಣ ಬದುಕಿದ್ದಾಗ ಅವನ ಆಸ್ಪತ್ರೆಯ ಕಡೆ ತಲೆ ಹಾಕದವನಿಗೆ ಅಣ್ಣನ ಬಾಯಾರಿಕೆಯ ಚಿಂತೆ ಮಾತ್ರ ಬಲವಾಗಿತ್ತು. ಮಾರನೆಯ ದಿನ ತಾನೇ ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಮುದ್ದೆ, ಬಾಡಿನ ಸಾರು, ಕಜ್ಜಾಯದ ಪಕ್ಕದಲ್ಲಿ ನಿಲ್ಲಿಸಿ, ಅಣ್ಣನ ಫೋಟೋಗೆ ಅಡ್ಡಬಿದ್ದ. ಎಷ್ಟು ಭಕ್ತಿಯೋ! ಕುಲದ ಹಿರಿಯ ಜವರಪ್ಪ, ‘ಹಬ್ಬದ ದಿನ ಜಗಳ ಬ್ಯಾಡ ಕಣವ್ವ’ ಅಂದ. ಗಿಡ್ಡಮ್ಮ ಸೆರಗು ಬಿಗಿದುಕೊಂಡು ಹೊರಗೆ ಬಂದಳು. ಬಾಗಿಲು ಮುಚ್ಚಿದರು.

ಹೊರಗೆ ಕೂತ ಗಂಡಸರು ಚನ್ನಪ್ಪನ ಗುಣಗಾನ ಮಾಡಿದರು. ಹೇಮಂತ್ ಮೂಲೆಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದ. ಮಗ ನೋಡುತ್ತಿರುವುದು ಅಪ್ಪನ ದಾರಿಯನ್ನಲ್ಲ ಅಂತ ತಾಯಿಗೆ ಗೊತ್ತಾಯಿತು.

ಬಾಗಿಲು ತೆಗೆದ ಕೂಡಲೇ ಪುಟ್ಟರಾಜು ಮುದ್ದೆಯನ್ನು ಮುಟ್ಟಲಿಲ್ಲ, ಕಜ್ಜಾಯವನ್ನು ಮುಟ್ಟಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿ ಸ್ಟೀಲ್ ಲೋಟಕ್ಕೆ ಸುರಿದ.

‘ಬಾರ್ಲಾ ಹೇಮಂತ. ನಿಮ್ಮಪ್ಪ ಉಂಡು ಬಿಟ್ಟಿದ್ದು.’

‘ಬ್ಯಾಡ ಚಿಕ್ಕಪ್ಪ. ಡಾಕ್ಟ್ರು ಹೇಳವ್ರೆ.’

‘ಡಾಕ್ಟ್ರು ಹೇಳಿರೋದು ಎಣ್ಣೆಗೆ. ಇದು ಪ್ರಸಾದ ಕಣ್ಲಾ. ಬ್ಯಾಡ ಅನ್ಬಾರ್ದು.’

ಜವರಪ್ಪ ತಲೆಯಾಡಿಸಿದ. ಉಳಿದವರೂ ತಲೆಯಾಡಿಸಿದರು. ಇಷ್ಟು ಜನ ದೊಡ್ಡವರಲ್ಲಿ ಬೇಡ ಅನ್ನುವವನು ಒಬ್ಬನಿರಲಿಲ್ಲ. ಹೇಮಂತನ ಬಾಯಿ ಬೇಡ ಅನ್ನುತ್ತಲೇ ಇತ್ತು, ಕೈ ಮಾತ್ರ ಮುಂದಕ್ಕೆ ಬಂದಿತ್ತು.

ಗಿಡ್ಡಮ್ಮ ಆ ಲೋಟವನ್ನು ಮೈದುನನ ಕೈಯಿಂದ ಕಿತ್ತುಕೊಂಡಳು. ಚೆಲ್ಲುತ್ತಾಳೆ ಅಂದುಕೊಂಡರು ಎಲ್ಲ. ಅವಳು ಒಂದೇ ಉಸಿರಿಗೆ ಎತ್ತಿ ಕುಡಿದಳು.

ಗಂಟಲು ಹತ್ತಿಕೊಂಡು ಉರಿಯಿತು, ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಇದರ ವಾಸನೆಯಲ್ಲೇ ಸಂಸಾರ ಮಾಡಿದವಳು ರುಚಿ ಕಂಡದ್ದು ಇದೇ ಮೊದಲು. ಸೀಮೆಎಣ್ಣೆಯೇ ವಾಸಿ ಅನ್ನಿಸಿತು. ಇದಕ್ಕಾ ಇವನು ನನ್ನನ್ನೂ ಮಗನನ್ನೂ ಬಿಟ್ಟು ಹೋದದ್ದು ಅಂತ ಫೋಟೋ ಕಡೆ ನೋಡಿದಳು, ಹೇಸಿಗೆಯಾಯಿತು.

‘ಅಯ್ಯೋ ಶಿವನೇ’ ಅಂದ ಜವರಪ್ಪ. ‘ಹೆಂಗಸಾಗಿ ಇದೇನವ್ವ ನೀನು. ಮನೆತನದ ಮಾನ ಏನಾಗ್ಬೇಕು?’

ಚನ್ನಪ್ಪ ಕುಡಿದು ಊರ ಮುಂದೆ ಬಿದ್ದಾಗ, ಅವನ ಮಗ ರಕ್ತ ಕಾರಿದಾಗ ಹೋಗದ ಮನೆತನದ ಮಾನ ಈಗ ಒಂದು ಲೋಟಕ್ಕೆ ಹೋಗಿಬಿಟ್ಟಿತ್ತು.

‘ಪ್ರಸಾದ ತಾನೆ’ ಅಂದಳು ಗಿಡ್ಡಮ್ಮ. ಲೋಟವನ್ನು ಪುಟ್ಟರಾಜುವಿನ ಮುಂದೆ ಹಿಡಿದಳು. ‘ಹಾಕು. ಇನ್ನು ಈ ಮನೇಲಿ ನನ್ನ ಮಗನ ಪಾಲು ನಂದೇ. ಪ್ರತಿ ವರ್ಷ ತಗೊಂಬಾ, ಇಂಗೇ ಎಲ್ರ ಮುಂದೆ ಕುಡೀತೀನಿ.’

ಪುಟ್ಟರಾಜು ಬಾಟಲಿಯನ್ನು ಎದೆಗವಚಿಕೊಂಡು ಹಿಂದೆ ಸರಿದ. ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿದ.

‘ಬ್ಯಾಡಿ ಅತ್ಗೆ’ ಅಂದ. ‘ಇದು ಮೈಗೆ ಒಳ್ಳೇದಲ್ಲ.’

ಹುಟ್ಟಿದಾಗಿನಿಂದ ಆ ಬಾಯಲ್ಲಿ ಬರದಿದ್ದ ಮಾತು. ಅಂದವನಿಗೇ ಅದು ಕೇಳಿಸಿತೇನೋ, ಎಡೆಯ ಊಟಕ್ಕೂ ನಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೊರಟ. ಮಿಕ್ಕವರೂ ಒಬ್ಬೊಬ್ಬರಾಗಿ ಎದ್ದರು.

ಗಿಡ್ಡಮ್ಮ ಹಿತ್ತಲಿಗೆ ಹೋಗಿ ಬೆರಳು ಹಾಕಿ ಎಲ್ಲ ಕಕ್ಕಿ, ಬಾಯಿ ತೊಳೆದುಕೊಂಡು ಬಂದಳು. ಹೇಮಂತ್ ನಿಂತಲ್ಲೇ ನಿಂತಿದ್ದ. ಗಂಡನ ಮುಂದಿದ್ದ ಎಲೆಯನ್ನು ಮಗನ ಕಡೆಗೆ ಎಳೆದು, ಸಾರು ಬಡಿಸಿ, ‘ಕೂತ್ಕೊಂಡು ಉಣ್ಣು’ ಅಂದಳು. ಅವನು ಕೂತು ಉಂಡ.