ಎರಡನೆಯ ಕೇಬಲ್ಲು

ಸಿಂದಗಿಯ ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಇಂಡಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹಳೆಯ ಯಂತ್ರಗಳನ್ನು ತೆಗೆದು, ಒಂದೇ ದೊಡ್ಡ ಸರ್ವರಿನೊಳಗೆ ಲ್ಯಾಬಿಗೊಂದು, ಬಿಲ್ಲಿಂಗಿಗೊಂದು ಎಂದು ವರ್ಚುವಲ್ ಯಂತ್ರಗಳನ್ನು ಕೂರಿಸಿದ ಮೇಲೆ ನನ್ನ ನೆಮ್ಮದಿ ಹೋಯಿತು. ಅವುಗಳನ್ನು ಜೋಡಿಸುವ ಸ್ವಿಚ್ಚೂ ಬರೀ ಸಾಫ್ಟ್‌ವೇರು, ಕೈಯಿಂದ ಮುಟ್ಟಿ ನೋಡುವಂತಿಲ್ಲ. ಪ್ರತಿ ವಿಭಾಗದ ಮಾಹಿತಿಗೂ ಗುರುತಿಗೆಂದು ಒಂದು ವಿಲ್ಯಾನ್ ನಂಬರು. ದಾರಿಯಲ್ಲಿ ಎಲ್ಲಾದರೂ ಆ ನಂಬರಿಗೆ ಅನುಮತಿ ಇಲ್ಲದಿದ್ದರೆ ಮಾಹಿತಿ ಅಲ್ಲೇ ನಿಂತುಬಿಡುತ್ತದೆ.

ನಿಂತದ್ದು ಲ್ಯಾಬಿನದು. ರಕ್ತದ ರಿಪೋರ್ಟು ಡಾಕ್ಟರ ಪರದೆಗೆ ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ. ಲ್ಯಾಬಿನಲ್ಲಿದ್ದ ಮೋರಟಗಿಯ ಅಕ್ಕ ರಿಪೋರ್ಟು ಹಿಡಿದು ಮೆಟ್ಟಿಲು ಹತ್ತಿಳಿದು ಸೋತಿದ್ದರು.

"ಏನ್ ತಂಗಿ, ನಿನ್ನ ಹೊಸಾ ಮಷೀನ್ ಬಂದ ಮ್ಯಾಲ ನನ್ನ ಮೊಣಕಾಲು ಹೋದ್ವು."

"ನೋಡಾಕತ್ತೇನ್ರಿ ಅಕ್ಕಾ," ಎನ್ನುವುದಷ್ಟೇ ನನ್ನಿಂದಾಗುತ್ತಿತ್ತು.

ಸರ್ವರು ಹಾಕಿದ ಕಂಪನಿಯವನಿಗೆ ಫೋನು ಮಾಡಿದರೆ ಯಾವಾಗಲೂ ಒಂದೇ ಮಾತು. "ರೀಸ್ಟಾರ್ಟ್ ಮಾಡ್ರಿ ಮೇಡಂ." ಮಾಡಿದರೆ ಕೆಲವೊಮ್ಮೆ ಸರಿಹೋಗುತ್ತಿತ್ತು, ಅದೇ ದೊಡ್ಡ ಕಿರಿಕಿರಿ. ಕರೆಂಟು ಹೋಗಿ ಬಂದರೆ ಮತ್ತೆ ಮೊದಲಿನ ಹಾಡು. ವರ್ಚುವಲ್ ಸ್ವಿಚ್ಚಿನಲ್ಲಿ ನಂಬರು ಸರಿಯಾಗಿತ್ತು, ಎಷ್ಟು ಸಲ ನೋಡಿದರೂ ಸರಿಯಾಗಿಯೇ ಇತ್ತು.

ಒಂದು ಮಧ್ಯಾಹ್ನ ಕನ್ನೊಳ್ಳಿಯಿಂದ ಬಸುರಿಯೊಬ್ಬಳನ್ನು ಕರೆತಂದರು. ರಕ್ತಸ್ರಾವ ನಿಂತಿರಲಿಲ್ಲ. ಅವಳ ರಿಪೋರ್ಟು ಪರದೆಗೆ ಬರಲಿಲ್ಲ. "ಎಲ್ಲೈತಿ ರಿಪೋರ್ಟು?" ಎಂದು ಡಾಕ್ಟರು ಎಲ್ಲರೆದುರೇ ನನ್ನ ಮೇಲೆ ಕೂಗಾಡಿದರು. ಅಕ್ಕ ಕುಂಟುತ್ತಲೇ ಮೇಲೆ ಓಡಿದರು. ಪುಣ್ಯಕ್ಕೆ ತಾಯಿ, ಮಗು ಇಬ್ಬರೂ ಉಳಿದರು.

ನಾನು ಸರ್ವರಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸರ್ವರಿನಿಂದ ಗೋಡೆಯ ಮೇಲಿನ ನಿಜವಾದ ಸ್ವಿಚ್ಚಿಗೆ ಎರಡು ಕೇಬಲ್ಲುಗಳಿದ್ದವು. "ಎರಡೂ ಒಂದೇ ನಮೂನಿ ಅದಾವ್ರಿ, ನಾನೇ ಹಾಕೇನಿ," ಎಂದು ಕಂಪನಿಯವನು ಹೇಳಿದ್ದನ್ನು ಅಲ್ಲಿಯವರೆಗೆ ನಂಬಿದ್ದೆ. ಸಿಟ್ಟಿನಲ್ಲೇ ಎರಡನೆಯದನ್ನು ಕಿತ್ತೆ. ಲ್ಯಾಬು ಜೀವ ತಳೆಯಿತು! ಅದನ್ನು ಮತ್ತೆ ಹಾಕಿ ಮೊದಲನೆಯದನ್ನು ಕಿತ್ತೆ. ಲ್ಯಾಬು ಸತ್ತಿತು.

ಮೊದಲನೆಯದನ್ನು ಮತ್ತೆ ಸಿಕ್ಕಿಸಿ, ಗೋಡೆಯ ಸ್ವಿಚ್ಚಿನ ಸೆಟ್ಟಿಂಗು ತೆರೆದು ನೋಡಿದೆ. ಎರಡನೆಯ ಕೇಬಲ್ಲು ಸೇರುವ ಪೋರ್ಟಿನಲ್ಲಿ ಲ್ಯಾಬಿನ ನಂಬರಿಗೆ ಅನುಮತಿಯನ್ನೇ ಕೊಟ್ಟಿರಲಿಲ್ಲ. ಶುರುವಾದಾಗಲೆಲ್ಲ ಲ್ಯಾಬಿನ ಯಂತ್ರ ಎರಡರಲ್ಲಿ ಯಾವುದೋ ಒಂದು ಕೇಬಲ್ಲು ಹಿಡಿಯುತ್ತಿತ್ತು. ಎರಡನೆಯದನ್ನು ಹಿಡಿದ ದಿನ ನಮ್ಮ ಗ್ರಹಚಾರ. ಆ ಒಂದು ನಂಬರು ಸೇರಿಸಿದೆ, ಮುಗಿಯಿತು.

ಕಂಪನಿಯವನಿಗೆ ಫೋನು ಮಾಡಿ ಹೇಳಿದೆ.

"ಹೌದೇನ್ರಿ? ಚಲೋ ಆತ್ ಬಿಡ್ರಿ. ಡಾಕ್ಟರಿಗೆ ಹೇಳಾಕ ಹೋಗಬ್ಯಾಡ್ರಿ ಮತ್ತ."

"ಈಗ ಅಲ್ಲಿಗೇ ಹೊಂಟೇನಿ," ಎಂದು ಫೋನಿಟ್ಟೆ.

ಡಾಕ್ಟರು ಪೂರ್ತಿ ಕೇಳಿ, "ಇಷ್ಟಕ್ಕ ಇಷ್ಟ್ ದಿನಾ ಬೇಕಾತೇನು?" ಎಂದರು. ಇನ್ನು ಮೆಟ್ಟಿಲು ಹತ್ತುವುದು ಬೇಡವೆಂದು ಅಕ್ಕನಿಗೆ ಹೇಳಲು ನಾನು ಕೆಳಗೆ ಲ್ಯಾಬಿಗೆ ಹೋದೆ.